ಆ ಓಣಿಗೆ ಶಿಲ್ಪ ಬೇಕಿತ್ತೇ?

ಪ್ರಶ್ನೆ: ಅಮೃತಸರದ ಜಲಿಯನ್‌ವಾಲಾ ಬಾಗ್‌ಗೆ ಹೋಗಿದ್ದೆವು. ಪ್ರವೇಶದ ಓಣಿಯ ಗೋಡೆಗಳ ಮೇಲಿನ ಉಬ್ಬುಶಿಲ್ಪಗಳು ನಮಗೆ ಇಷ್ಟವಾದವು. 2021ರ ನವೀಕರಣದಲ್ಲಿ ಕೂರಿಸಿದ ಇವುಗಳಿಗೆ ಅಷ್ಟೊಂದು ಆಕ್ಷೇಪ ಬಂದದ್ದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಕ್ಷೇಪ ಬಂದದ್ದು ಶಿಲ್ಪಗಳ ಅಂದಚೆಂದಕ್ಕಲ್ಲ, ಅವನ್ನು ಕೂರಿಸಿದ ಜಾಗಕ್ಕೆ. 1919ರ ಏಪ್ರಿಲ್ 13ರಂದು, ಬೈಸಾಖಿಯ ದಿನ, ಜನರಲ್ ಡಯರ್ ಸೈನಿಕರೊಂದಿಗೆ ಒಳಹೊಕ್ಕದ್ದು ಇದೇ ಓಣಿಯಿಂದ. ಮಷಿನ್‌ಗನ್ ಹೊತ್ತ ಎರಡು ವಾಹನಗಳು ಇದರಲ್ಲಿ ಹಿಡಿಸದೆ ಹೊರಗೇ ಉಳಿದವು. ಹಿಡಿಸಿದ್ದರೆ ಬಹುಶಃ ಅವನ್ನೂ ಬಳಸುತ್ತಿದ್ದೆ ಎಂಬರ್ಥದ ಉತ್ತರವನ್ನು ಆತನೇ ಹತ್ಯಾಕಾಂಡದ ತನಿಖೆ ನಡೆಸಿದ ಹಂಟರ್ ಸಮಿತಿಗೆ ಕೊಟ್ಟ. ಸುಮಾರು ಹತ್ತು ನಿಮಿಷಗಳಲ್ಲಿ 1,650 ಗುಂಡುಗಳು ಹಾರಿದವು. ಸತ್ತವರು 379 ಎಂಬುದು ಸರ್ಕಾರದ ಲೆಕ್ಕ. ಸಾವಿರದಷ್ಟು ಎಂಬುದು ಕಾಂಗ್ರೆಸ್ಸಿನ ಅಂದಾಜು. ಬರಿಯ ಇಟ್ಟಿಗೆ ಗೋಡೆಗಳ ನಡುವೆ ನಡೆದು ಥಟ್ಟನೆ ಬಯಲಿಗೆ ಬಂದವರಿಗೆ, ಒಳಗಿದ್ದ ಜನ ತಪ್ಪಿಸಿಕೊಳ್ಳುವುದು ಏಕೆ ಅಷ್ಟು ಕಷ್ಟವಾಯಿತೆಂಬುದು ಯಾವ ಫಲಕವನ್ನೂ ಓದದೆಯೇ ಮೈಗೆ ತಿಳಿಯುತ್ತಿತ್ತು.

ಬರ್ಲಿನ್‌ನಲ್ಲಿ 2005ರಲ್ಲಿ ತೆರೆದ, ನಾತ್ಸಿಗಳಿಂದ ಹತರಾದ ಯುರೋಪಿನ ಯಹೂದ್ಯರ ಸ್ಮಾರಕದ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ಆ ನಿವೇಶನ ಕೊಲೆಗಳು ನಡೆದ ಶಿಬಿರವಲ್ಲ, ನಗರದ ನಡುವಿನ ಬಯಲು. ಆದ್ದರಿಂದ ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ ಏರಿಳಿಯುವ ನೆಲದ ಮೇಲೆ 2,711 ಕಾಂಕ್ರೀಟ್ ದಿಮ್ಮಿಗಳನ್ನು ನಿಲ್ಲಿಸಿ, ಇಬ್ಬರು ಅಕ್ಕಪಕ್ಕ ನಡೆಯಲಾಗದ ಸಂದುಗಳನ್ನು ಬಿಟ್ಟು, ದಿಕ್ಕು ತಪ್ಪಿದ ಭಾವವನ್ನು ಹೊಸದಾಗಿಯೇ ಕಟ್ಟಬೇಕಾಯಿತು. ದಿಮ್ಮಿಗಳ ಮೇಲೆ ಹೆಸರಿಲ್ಲ, ಬರಹವಿಲ್ಲ. ಹತರಾದವರ ಕಥನವೆಲ್ಲ ನೆಲದಡಿಯ ಮಾಹಿತಿ ಕೇಂದ್ರದಲ್ಲಿದೆ. (ಮಕ್ಕಳು ಅಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾರೆಂಬ ದೂರೂ ಇದೆ; ನನಗೆ ಅದು ದೊಡ್ಡ ಅಪಚಾರವೆನಿಸಿಲ್ಲ.) ಐಸೆನ್‌ಮನ್ ಕಷ್ಟಪಟ್ಟು ನಿರ್ಮಿಸಿದ ಇಕ್ಕಟ್ಟು ಅಮೃತಸರದಲ್ಲಿ ತಾನಾಗಿಯೇ ಇತ್ತು. ಬೆಂಜಮಿನ್ ಪೋಕ್ ವಿನ್ಯಾಸಗೊಳಿಸಿದ, 1961ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದ ಕೆಂಪುಕಲ್ಲಿನ ಸ್ತಂಭ ಬಯಲಿನಲ್ಲಿ ನಿಂತು, ಓಣಿಯನ್ನು ಅದರ ಪಾಡಿಗೆ ಬಿಟ್ಟಿತ್ತು. ಹಳೆಯ ಇಟ್ಟಿಗೆಗೆ ದುರಸ್ತಿ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಶಿಲ್ಪಗಳಿಗೆ ವಸ್ತುಸಂಗ್ರಹಾಲಯದ ಗೋಡೆ ಸಾಕಿತ್ತು. ಓಣಿಯಲ್ಲಿ ಅವು ನಮ್ಮ ಕಣ್ಣನ್ನು ತಮ್ಮ ಕಡೆಗೆ ಸೆಳೆದುಕೊಂಡು, ಗೋಡೆಗಳ ನಡುವಿನ ಅಂತರವನ್ನೇ ಗಮನಿಸದಂತೆ ಮಾಡುತ್ತವೆ.

ಪ್ರಶ್ನೆ: ಕರ್ನಾಟಕದಲ್ಲಿ ಇಂಥ ಸ್ಥಳವಿದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ನೆರೆಯಲ್ಲೇ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ. ಈಗ ಅಲ್ಲಿ ಹುತಾತ್ಮರ ಸ್ಮಾರಕವೂ ವೀರಸೌಧವೂ ಇವೆ. ಅಶ್ವತ್ಥಕ್ಕೆ, ನಾಗರಕಲ್ಲುಗಳಿಗೆ ಪೂಜೆ ಸಲ್ಲಿಸಲು ಬರುವವರು ಅಲ್ಲಿಗೂ ನಾಲ್ಕು ಹೆಜ್ಜೆ ಹಾಕಬಹುದು.