ಅಕೌಸ್ಟಿಕ್ ನ್ಯೂರೋಮಾಗೆ ಗಾಮಾ ನೈಫ್ ಹೇಳಿದ್ದಾರೆ. ಮಾಡಿಸಿಕೊಂಡವರ ಜೊತೆ ಮಾತಾಡಿದರೆ ಒಳ್ಳೆಯದಾ, ಭಯ ಜಾಸ್ತಿ ಆಗುತ್ತಾ?

ಮಾತಾಡಿ. ಆದರೆ ಯಾರ ಜೊತೆ, ಯಾವ ವಿಷಯ ಅನ್ನೋದನ್ನು ಸ್ವಲ್ಪ ನೋಡಿಕೊಂಡು ಮಾತಾಡಿ. ನನಗೂ ಎಡ ಕಿವಿಯ ನರದ ಮೇಲೆ ಇದೇ ಗೆಡ್ಡೆ ಇತ್ತು. ಇತ್ತು ಅಲ್ಲ, ಈಗಲೂ ಇದೆ. ಗಾಮಾ ನೈಫ್ ಅಂದರೆ ಚಾಕು ಅಲ್ಲ, ರೇಡಿಯೇಷನ್ ಕಿರಣ. ಅದು ಗೆಡ್ಡೆಯನ್ನು ಹೊರಗೆ ತೆಗೆಯುವುದಿಲ್ಲ, ಇನ್ನು ಮುಂದೆ ಬೆಳೆಯದಂತೆ ಮಾಡುತ್ತದೆ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಮುಂದಿನ ಅರ್ಧ ಗಾಬರಿ ಕಡಿಮೆ.

ಆ ದಿನದ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ ಅದು. ತಲೆಗೆ ಲೋಹದ ಚೌಕಟ್ಟು ಕೂರಿಸುತ್ತಾರೆ, ನಾಲ್ಕು ಕಡೆ ಸ್ಕ್ರೂ. ಅದಕ್ಕೆ ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಚುರ್ ಅನ್ನುವುದು ಅದೇ. ಸ್ಕ್ರೂ ಬಿಗಿ ಮಾಡುವಾಗ ತಲೆಯನ್ನು ಯಾರೋ ಒತ್ತಿ ಹಿಡಿದ ಹಾಗಾಗುತ್ತದೆ, ಸ್ವಲ್ಪ ಹೊತ್ತಿಗೆ ಅಭ್ಯಾಸವಾಗುತ್ತದೆ. ಚೌಕಟ್ಟಿನ ಸಮೇತ ಎಂಆರ್‌ಐ. ಆಮೇಲೆ ನ್ಯೂರೋಸರ್ಜನ್, ರೇಡಿಯೇಷನ್ ಡಾಕ್ಟರ್, ಡೋಸ್ ಲೆಕ್ಕ ಹಾಕುವ ಫಿಸಿಸಿಸ್ಟ್ ಮೂವರೂ ಕೂತು ಪ್ಲಾನ್ ಮಾಡುತ್ತಾರೆ. ನೀವು ಸುಮ್ನೆ ಕಾಯುತ್ತೀರಿ. ನನಗೆ ಇಡೀ ದಿನದಲ್ಲಿ ಬೇಜಾರಾಗಿದ್ದು ಈ ಕಾಯುವುದೇ. ಮಷೀನ್ ಒಳಗೆ ಸುಮಾರು ಇನ್ನೂರು ಸಣ್ಣ ಕಿರಣಗಳು ಬೇರೆ ಬೇರೆ ಕಡೆಯಿಂದ ಬಂದು ಒಂದೇ ಜಾಗದಲ್ಲಿ ಸೇರುತ್ತವೆ. ಒಂದೊಂದೂ ದುರ್ಬಲ, ಸೇರಿದ ಕಡೆ ಮಾತ್ರ ಬಲ. ನಿಮಗೆ ಬಿಸಿಯೂ ಇಲ್ಲ, ನೋವೂ ಇಲ್ಲ. ಕೆಲವು ಕಡೆ ಚೌಕಟ್ಟಿನ ಬದಲು ಮಾಸ್ಕ್ ಹಾಕುವ ಹೊಸ ಮಷೀನ್ ಇದೆ, ನಿಮಗೆ ಯಾವುದು ಅಂತ ಕೇಳಿ ಇಟ್ಟುಕೊಳ್ಳಿ.

ಇಲ್ಲಿ ಒಂದು ಮಾತು. ಒಬ್ಬರು ನನಗೆ 'ಅರ್ಧ ಗಂಟೆಯಲ್ಲಿ ಮುಗೀತು' ಎಂದಿದ್ದರು. ನನಗೆ ಅದಕ್ಕಿಂತ ತುಂಬಾ ಹೊತ್ತು ಹಿಡಿಯಿತು. ನನ್ನ ಗೆಡ್ಡೆ ಕೆಟ್ಟದ್ದೇನೋ ಅಂತ ತಲೆ ಓಡತೊಡಗಿತು. ಫಿಸಿಸಿಸ್ಟ್ ನಕ್ಕು ವಿವರಿಸಿದರು: ಮಷೀನಿನೊಳಗೆ ಕಿರಣ ಕೊಡುವ ಕೋಬಾಲ್ಟ್ 60ರ ಶಕ್ತಿ ಐದು ವರ್ಷ ಚಿಲ್ಲರೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೋಬಾಲ್ಟ್ ಹಳೆಯದಾದಷ್ಟೂ ಅದೇ ಡೋಸ್‌ಗೆ ಹೆಚ್ಚು ಹೊತ್ತು ಬೇಕು. ಗೆಡ್ಡೆಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನಿಮಿಷಗಳನ್ನು ಯಾರ ಜೊತೆಗೂ ಹೋಲಿಸಬೇಡಿ.

ನಿಜವಾಗಿ ಜನ ಬೇಕಾಗುವುದು ಆಮೇಲೆ. ಮನೆಯವರಿಗೆ ಚಿಕಿತ್ಸೆ ಮುಗಿದಿದೆ. 'ಕ್ಯಾನ್ಸರ್ ಅಲ್ವಲ್ಲ, ಇನ್ನೇನು' ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕೇಳಿಸಿಕೊಂಡವರಿಗೆ ಬಾಯಿ ಕಟ್ಟಿದ ಹಾಗಾಗುತ್ತದೆ. ಕ್ಯಾನ್ಸರ್ ರೋಗಿಗಳ ಗುಂಪಿಗೆ ಹೋದರೆ ಅವರ ಕಷ್ಟದ ಮುಂದೆ ನಮ್ಮದು ಹೇಳಲು ನಾಚಿಕೆ. ಇತ್ತ ತಲೆಯೊಳಗೆ ಗೆಡ್ಡೆ ಇನ್ನೂ ಕೂತಿದೆ, ಅದು ಸುಮ್ಮನಾಯಿತೋ ಇಲ್ಲವೋ ತಿಳಿಯಲು ವರ್ಷಗಳೇ ಬೇಕು.

ಅದರಲ್ಲೂ ಮೊದಲ ಫಾಲೋಅಪ್ ಸ್ಕ್ಯಾನ್. ರೇಡಿಯೇಷನ್ ಆದ ಮೇಲೆ ಗೆಡ್ಡೆ ಮೊದಲು ಊದಿಕೊಳ್ಳುವುದುಂಟು. ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೂ ಊದಿರಬಹುದು, ನಂತರ ಹೆಚ್ಚಿನವರಲ್ಲಿ ಇಳಿಯುತ್ತದೆ. ಡಾಕ್ಟರ್ ನನಗೆ ಇದನ್ನು ಮೊದಲೇ ಹೇಳಿದ್ದರು. ಆದರೂ ರಿಪೋರ್ಟಿನಲ್ಲಿ 'ಗಾತ್ರ ಹೆಚ್ಚಾಗಿದೆ' ಎಂದು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆಗ ನನಗಿಂತ ಕೆಲವು ವರ್ಷ ಮುಂಚೆ ಮಾಡಿಸಿಕೊಂಡಿದ್ದ ಹೆಂಗಸೊಬ್ಬರಿಗೆ ಫೋನ್ ಮಾಡಿದೆ. 'ನಂದೂ ಊದಿತ್ತು, ನಾನೂ ಅತ್ತಿದ್ದೆ, ಈಗ ಮೊದಲಿಗಿಂತ ಚಿಕ್ಕದಾಗಿದೆ' ಎಂದರು. ಡಾಕ್ಟರ್ ಹೇಳಿದ್ದೂ ಅದೇ ಮಾತು. ಆದರೆ ಅನುಭವಿಸಿದವರ ಬಾಯಲ್ಲಿ ಕೇಳಿದಾಗ ಮಾತ್ರ ಅದು ನನ್ನೊಳಗೆ ಇಳಿಯಿತು.

ಸಣ್ಣಪುಟ್ಟ ಸಂಗತಿಗಳನ್ನು ಕಲಿಸಿದವರೂ ಅವರೇ. ಹೋಟೆಲಲ್ಲಿ ಕೂರುವಾಗ ಗೆಡ್ಡೆಯಿಂದ ಸರಿಯಾಗಿ ಕೇಳದ ಕಿವಿ ಗೋಡೆ ಕಡೆಗಿರಲಿ. ಸದ್ದು ಯಾವ ಕಡೆಯಿಂದ ಬಂತು ಅಂತ ಒಂದು ಕಿವಿಗೆ ಗೊತ್ತಾಗುವುದಿಲ್ಲ, ರಸ್ತೆ ದಾಟುವಾಗ ಕಣ್ಣನ್ನೇ ನಂಬಿ. ಕತ್ತಲಲ್ಲಿ ಓಲಾಡುವುದು ಜಾಸ್ತಿ, ಯಾಕೆಂದರೆ ಬ್ಯಾಲೆನ್ಸ್ ನರ ಕೈಕೊಟ್ಟಾಗ ಕಣ್ಣು ಆ ಕೆಲಸ ಮಾಡುತ್ತಿರುತ್ತದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ಲೈಟ್ ಇರಲಿ. ಶ್ರವಣ ನಿಧಾನವಾಗಿ ಇನ್ನಷ್ಟು ಕಡಿಮೆಯಾಗಬಹುದು, ವರ್ಷಕ್ಕೊಮ್ಮೆ ಪರೀಕ್ಷೆ ಬಿಡಬೇಡಿ ಎಂದೂ ಅವರೇ ಎಚ್ಚರಿಸಿದ್ದು.

ಇಂಥವರು ಎಲ್ಲಿ ಸಿಗುತ್ತಾರೆ? ಮೊದಲು ನಿಮ್ಮ ಆಸ್ಪತ್ರೆಯಲ್ಲೇ ಕೇಳಿ. ಬೇರೆ ರೋಗಿಯ ನಂಬರ್ ಅವರು ಕೊಡುವಂತಿಲ್ಲ. 'ನನ್ನ ನಂಬರ್ ಅವರಿಗೆ ಕೊಡಿ, ಇಷ್ಟ ಇದ್ದರೆ ಮಾತಾಡಲಿ' ಎಂದರೆ ಕೆಲಸವಾಗುತ್ತದೆ. ನನಗೆ ಆದದ್ದು ಹಾಗೆಯೇ. ಅಮೆರಿಕದ ಅಕೌಸ್ಟಿಕ್ ನ್ಯೂರೋಮಾ ಅಸೋಸಿಯೇಷನ್ ಅನ್ನು 1981ರಲ್ಲಿ ಶುರು ಮಾಡಿದ್ದೇ ಈ ಗೆಡ್ಡೆಯ ಆಪರೇಷನ್ ಆದ ಒಬ್ಬ ರೋಗಿ. ಅವರ ಬಳಿ ರೋಗಿಗಳಿಗಾಗಿಯೇ ಬರೆದ ಮಾಹಿತಿ ತುಂಬಾ ಇದೆ.

ಗುಂಪುಗಳಿಗೆ ಸೇರಿದರೆ ಒಂದು ನೆನಪಿರಲಿ. ಚೆನ್ನಾಗಿರುವವರು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುತ್ತಿರುತ್ತಾರೆ, ಅಲ್ಲಿ ಬರೆಯುವುದಿಲ್ಲ. ತೊಂದರೆ ಇರುವವರ ಮಾತೇ ಹೆಚ್ಚು ಕೇಳಿಸುತ್ತದೆ. ಯಾರ ಕಥೆ ಓದಿದರೂ ಗೆಡ್ಡೆ ಎಷ್ಟು ದೊಡ್ಡದಿತ್ತು, ರೇಡಿಯೇಷನ್ನೋ ಆಪರೇಷನ್ನೋ, ಆಗಿ ಎಷ್ಟು ಕಾಲವಾಯಿತು ಎಂದು ನೋಡಿ. ಮೂರು ಸೆಂಟಿಮೀಟರ್ ದಾಟಿದ ಗೆಡ್ಡೆಗೆ ತಲೆ ತೆರೆದು ಆಪರೇಷನ್ ಆದವರ ಅನುಭವ ನಿಮ್ಮದಾಗುವುದಿಲ್ಲ. 'ರೇಡಿಯೇಷನ್ ಬೇಡ, ತೆಗೆಸಿ ಬಿಸಾಕಿ' ಎನ್ನುವವರೂ ಸಿಗುತ್ತಾರೆ, ಅದರ ಉಲ್ಟಾ ಹೇಳುವವರೂ ಇದ್ದಾರೆ. ಆ ತೀರ್ಮಾನ ಬೇಕಾದರೆ ಇನ್ನೊಬ್ಬ ಡಾಕ್ಟರ ಹತ್ತಿರ ಮಾಡಿ, ಗುಂಪಿನಲ್ಲಿ ಬೇಡ.

ಇನ್ನೂ ಒಂದು. ಮುಖದ ಒಂದು ಕಡೆ ಸೋತಂತಾದರೆ, ತಲೆನೋವಿನ ಜೊತೆ ವಾಂತಿ ಶುರುವಾದರೆ, ನಡಿಗೆ ದಿನದಿಂದ ದಿನಕ್ಕೆ ತಪ್ಪುತ್ತಿದ್ದರೆ 'ನಿಮಗೂ ಹೀಗಾಗಿತ್ತಾ' ಅಂತ ಯಾರನ್ನೂ ಕೇಳುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.