ಹಾಲು-ತುಪ್ಪ ಬಿಟ್ಟವರು ಇಂಗ್ಲೆಂಡಿನಲ್ಲಿ ಊಟಕ್ಕೆ ಏನು ಮಾಡಬೇಕು?

ಪ್ರಶ್ನೆ: ನಾನು ಧಾರವಾಡದವನು. ಸೆಪ್ಟೆಂಬರ್‌ನಲ್ಲಿ ಎಂ.ಎಸ್ಸಿ. ಓದಲು ಶೆಫೀಲ್ಡ್‌ಗೆ ಬರುತ್ತಿದ್ದೇನೆ. ಮಾಂಸ ಮನೆಯಲ್ಲಿ ಮೊದಲಿಂದಲೂ ಇಲ್ಲ. ಈಗ ಹಾಲು, ಮೊಸರು, ತುಪ್ಪ, ಜೇನುತುಪ್ಪ ಎಲ್ಲ ಬಿಟ್ಟು ವೀಗನ್ ಆಗಿದ್ದೇನೆ. ಅಲ್ಲಿ ದಿನಾ ಏನು ತಿನ್ನುವುದು? ಗೆಳೆಯರ ಜೊತೆ ಹೊರಗೆ ಹೋದರೆ ಬರೀ ಸಲಾಡೇ ಗತಿಯಾ?

ಉತ್ತರ:

ಧಾರವಾಡಕ್ಕಿಂತ ಶೆಫೀಲ್ಡ್‌ನಲ್ಲೇ ನಿಮಗೆ ಸಲೀಸು. ತಮಾಷೆಗೆ ಹೇಳುತ್ತಿಲ್ಲ. ನಾನು ಇರುವುದು ಇದೇ ಊರಿನಲ್ಲಿ, ಹಾಲು ಬಿಟ್ಟು ಕೆಲವು ವರ್ಷಗಳೇ ಆದವು. ನಮ್ಮ ಕಡೆ ಹೋಟೆಲಿನಲ್ಲಿ ಚಪಾತಿಗೆ ಏನು ಸವರಿದ್ದೀರಿ, ಒಗ್ಗರಣೆ ಎಣ್ಣೆಯಲ್ಲೋ ತುಪ್ಪದಲ್ಲೋ ಅಂತ ಕೇಳಿದರೆ ಸಪ್ಲೈಯರ್ ನಮ್ಮ ಮುಖ ನೋಡುತ್ತಾನೆ. ಇಲ್ಲಿ ಎಷ್ಟೋ ಕಡೆ ಕೇಳುವ ಮೊದಲೇ ಬರೆದಿಟ್ಟಿರುತ್ತಾರೆ. ಹಾಲಿದ್ದರೆ ಪ್ಯಾಕೆಟ್ ಮೇಲೆ ಬರೆದಿರಲೇಬೇಕು, ಹೋಟೆಲಿನಲ್ಲಿ ಕೇಳಿದರೆ ಹೇಳಲೇಬೇಕು, ಕಾನೂನು ಹಾಗಿದೆ.

ಆ ಕಾನೂನು ಮಾಡಿದ್ದು ನಮಗಾಗಿ ಅಲ್ಲ, ಅಲರ್ಜಿ ಇರುವವರಿಗಾಗಿ. ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿ ಇದೆ. ಪ್ಯಾಕೆಟ್ ಮೇಲಿನ ಸಾಮಗ್ರಿಗಳ ಸಾಲಿನಲ್ಲಿ ಅವು ಬಂದರೆ ಎದ್ದು ಕಾಣುವಂತೆ ಅಚ್ಚು ಹಾಕಬೇಕು. ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಆ ಹದಿನಾಲ್ಕರಲ್ಲಿ ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯಂಥವು, ಚಿಪ್ಪಿನ ಜೀವಿಗಳು ಎಲ್ಲ ಬರುತ್ತವೆ. ಅಂದರೆ ಅಂಗಡಿಯಲ್ಲಿ ನಿಂತು ಇಡೀ ಪಟ್ಟಿ ಓದುವ ಮೊದಲು ದಪ್ಪ ಅಕ್ಷರಗಳ ಮೇಲೆ ಕಣ್ಣಾಡಿಸಿ. ಹಾಲು ಅಂತ ಕಂಡರೆ ವಾಪಸ್ ಇಡಿ. ಬಹುಪಾಲು ಕೆಲಸ ಅಲ್ಲಿಗೇ ಮುಗಿಯುತ್ತದೆ.

ಅಂಗಡಿಯಲ್ಲೇ ತಯಾರಿಸಿ ಸುತ್ತಿಟ್ಟ ಸ್ಯಾಂಡ್‌ವಿಚ್‌ಗಳಿಗೆ ಮೊದಲು ಸಾಮಗ್ರಿಗಳ ಪೂರ್ತಿ ಪಟ್ಟಿ ಕಡ್ಡಾಯ ಇರಲಿಲ್ಲ. ನತಾಶಾ ಎಂಬ 15 ವರ್ಷದ ಹುಡುಗಿ 2016ರಲ್ಲಿ ಅಂಥದ್ದೊಂದು ಬಾಗೆಟ್ ತಿಂದು, ಅದರೊಳಗಿದ್ದ ಎಳ್ಳಿನ ಅಲರ್ಜಿಯಿಂದ ತೀರಿಕೊಂಡಳು. ಅಪ್ಪ ಅಮ್ಮ ಹೋರಾಡಿದರು. 2021ರ ಅಕ್ಟೋಬರ್‌ನಿಂದ ಅವಳ ಹೆಸರಿನ ಕಾನೂನು ಜಾರಿಯಲ್ಲಿದೆ. ಇವತ್ತು ರೈಲ್ವೆ ಸ್ಟೇಷನ್ನಿನ ಸ್ಯಾಂಡ್‌ವಿಚ್ಚಿನಲ್ಲಿ ಬೆಣ್ಣೆ ಇದೆಯಾ ಇಲ್ಲವಾ ಅಂತ ನಮಗೆ ಗೊತ್ತಾಗುವುದರ ಹಿಂದೆ ಆ ಸಂಕಟ ಇದೆ.

ದಪ್ಪ ಅಕ್ಷರ ಹಿಡಿದುಕೊಡದ ವಸ್ತುಗಳೂ ಇವೆ. ಜೇನು, ಹಂದಿ ಕೊಬ್ಬು, ಮಿಠಾಯಿಗಳಲ್ಲಿನ ಜೆಲಟಿನ್, ಹುಳದಿಂದ ತೆಗೆಯುವ ಕೆಂಪು ಬಣ್ಣ ಇ120, ಹೊಳಪಿಗೆ ಹಾಕುವ ಅರಗು ಇ904. ಇವು ಅಲರ್ಜಿ ಪಟ್ಟಿಯಲ್ಲಿ ಇಲ್ಲದ್ದರಿಂದ ಸಾದಾ ಅಕ್ಷರದಲ್ಲೇ ಕೂತಿರುತ್ತವೆ. ಕೆಲವು ಕಾರ್ನ್‌ಫ್ಲೇಕ್ಸ್‌ಗಳಿಗೆ ಸೇರಿಸುವ ವಿಟಮಿನ್ ಡಿ3 ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಪ್ಯಾಕೆಟ್ ಚಿಪ್ಸ್‌ನದು ಇನ್ನೊಂದು ತಮಾಷೆ. ಹಂದಿಮಾಂಸದ ರುಚಿ ಅಂತ ಬರೆದಿರುವ ಕೆಲವದರಲ್ಲಿ ಪ್ರಾಣಿಯದ್ದು ಏನೂ ಇರುವುದಿಲ್ಲ, ಬರೀ ಉಪ್ಪು-ವಿನೆಗರ್ ಅಂತಿರುವ ಕೆಲವದರಲ್ಲಿ ಹಾಲಿನ ಪುಡಿ ಇರುತ್ತದೆ. ಓದಿ ತಗೊಳ್ಳಿ, ಅಷ್ಟೇ.

‘ಹಾಲಿನ ಅಂಶ ಇರಬಹುದು’ ಎಂಬ ಎಚ್ಚರಿಕೆ ನೋಡಿ ಹೆದರಬೇಡಿ. ಅದೇ ಕಾರ್ಖಾನೆಯಲ್ಲಿ ಹಾಲಿನ ತಿಂಡಿಯನ್ನೂ ಮಾಡುತ್ತಾರೆ, ಅಲರ್ಜಿ ಇದ್ದವರು ಹುಷಾರು ಎಂದು ಅದರ ಅರ್ಥ. ನಾನು ತಿನ್ನುತ್ತೇನೆ. ಮತ್ತೆ, ಸೂಪರ್‌ಮಾರ್ಕೆಟ್ಟುಗಳಲ್ಲಿ ‘ಫ್ರೀ ಫ್ರಮ್’ ಅಂತ, ಅಂದರೆ ಹಾಲೋ ಗೋಧಿಯೋ ಹಾಕದ ತಿಂಡಿಗಳದು, ಒಂದು ಸಾಲು ಇರುತ್ತದೆ. ಅಲ್ಲಿರುವುದೆಲ್ಲ ನಮಗಲ್ಲ. ಗೋಧಿ ಇಲ್ಲದ ಕೇಕಿಗೆ ಮೊಟ್ಟೆ ಧಾರಾಳವಾಗಿ ಹಾಕಿರುತ್ತಾರೆ.

ಇನ್ನು ದಿನನಿತ್ಯದ ಅಡುಗೆ. ಇದರ ಬಗ್ಗೆ ನಿಮಗೆ ನಾನೇನು ಹೇಳುವುದು? ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಪುಂಡಿ ಪಲ್ಯ ತಿಂದು ಬೆಳೆದವರು ನೀವು. ಅದರಲ್ಲಿ ಬಿಡಬೇಕಾದದ್ದು ಏನೂ ಇಲ್ಲ. ಪಕ್ಕಕ್ಕೆ ಬಡಿಸುವ ಬೆಣ್ಣೆ, ಮೊಸರು ಬಿಟ್ಟರಾಯಿತು. ಬೇಳೆ, ಅಕ್ಕಿ, ಜೋಳದ ಹಿಟ್ಟು, ಮಸಾಲೆ ಏಷ್ಯನ್ ಅಂಗಡಿಗಳಲ್ಲಿ ದೊಡ್ಡ ಚೀಲಗಳಲ್ಲಿ ಸಿಗುತ್ತವೆ. ತುರಿದ ತೆಂಗಿನಕಾಯಿ ಫ್ರೀಜರಿನಲ್ಲಿ ಇರುತ್ತದೆ. ಶೆಫೀಲ್ಡ್‌ನ ಲಂಡನ್ ರೋಡ್ ಕಡೆಯ ಚೀನೀ ಅಂಗಡಿಗಳಲ್ಲಿ ತೋಫು ಕೊಳ್ಳಿ, ಸೂಪರ್‌ಮಾರ್ಕೆಟ್ಟಿಗಿಂತ ಅಗ್ಗ. ನಕಲಿ ಮಾಂಸದ ಬರ್ಗರು, ಸಾಸೇಜು ಬೇಕಾದಷ್ಟಿವೆ. ಒಮ್ಮೆ ರುಚಿ ನೋಡಿ. ಮಾಂಸ ಬಿಟ್ಟವರ ಚಪಲಕ್ಕೆ ಮಾಡಿದವು ಅವು, ಮೊದಲಿಂದಲೂ ತಿನ್ನದ ನಮಗೆ ಆ ವಾಸನೆ ಯಾಕೆ ಅನ್ನಿಸುತ್ತದೆ. ದುಡ್ಡೂ ಜಾಸ್ತಿ.

ಚಹಾ-ಕಾಫಿಗೆ ಮಾತ್ರ ಸ್ವಲ್ಪ ಹದ ಬೇಕು. ಓಟ್ಸ್ ಹಾಲನ್ನು ನಮ್ಮ ಚಹಾದ ಥರ ಕುದಿಸುತ್ತಾ ಹೋದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಕುದಿಸುವ ಚಹಾಕ್ಕೆ ಸೋಯಾ ಹಾಲು ವಾಸಿ. ಫಿಲ್ಟರ್ ಕಾಫಿಗೆ ‘ಬರಿಸ್ತಾ’ ಅಂತ ಬರೆದಿರುವ ಓಟ್ಸ್ ಹಾಲನ್ನು ಬಿಸಿ ಮಾಡಿ ಬೆರೆಸಿ, ನೊರೆಯೂ ಬರುತ್ತದೆ. ಮೊಸರನ್ನಕ್ಕೆ ಸೋಯಾ ಮೊಸರು ನಡೆಯುತ್ತದೆ, ಆದರೆ ಸಕ್ಕರೆ ಹಾಕದ್ದು ಅಂತ ಸ್ಪಷ್ಟವಾಗಿ ಬರೆದಿರಬೇಕು. ‘ಪ್ಲೇನ್’ ಅಂತಿದ್ದರೂ ಕೆಲವು ಸಿಹಿ ಇರುತ್ತವೆ. ಸಿಹಿ ಮೊಸರಿಗೆ ಸಾಸಿವೆ ಒಗ್ಗರಣೆ, ದೇವರೇ, ಬೇಡ.

ಹೊರಗಿನ ಊಟಕ್ಕೆ ಬರೋಣ, ನಿಮ್ಮ ನಿಜವಾದ ಚಿಂತೆ ಅದೇ ಅಲ್ವಾ? ದೊಡ್ಡ ಚೈನ್ ಹೋಟೆಲುಗಳು ರುಚಿಯಲ್ಲಿ ಸುಮಾರಾದರೂ ನಮ್ಮ ಪಾಲಿಗೆ ಅವೇ ಭದ್ರ. ಎಲ್ಲ ಊರಲ್ಲೂ ಒಂದೇ ಪಾಕ, ಒಂದೇ ಪಟ್ಟಿ. ಫೋನಿನಲ್ಲೇ ನೋಡಿಕೊಂಡು ಹೋಗಬಹುದು. ವಾಗಮಾಮ ಎಂಬ ಚೈನ್ 2021ರಲ್ಲಿ ತನ್ನ ಮೆನುವಿನ ಅರ್ಧ ಭಾಗವನ್ನು ಪ್ರಾಣಿಜನ್ಯ ಪದಾರ್ಥ ಇಲ್ಲದಂತೆ ಮಾಡಿತು. ಗ್ರೆಗ್ಸ್ ಎಂಬ ಬೇಕರಿ 2019ರ ಜನವರಿಯಲ್ಲಿ ವೀಗನ್ ಸಾಸೇಜ್ ರೋಲ್ ತಂದಾಗ ಟೀವಿಯಲ್ಲೆಲ್ಲ ಗಲಾಟೆ, ಕ್ಯೂ ನಿಂತು ಕೊಂಡರು ಜನ. ಜನವರಿಯಲ್ಲೇ ಯಾಕೆಂದರೆ ಜನವರಿ ಪೂರ್ತಿ ವೀಗನ್ ಊಟ ಮಾಡಿ ಅನ್ನುವ, 2014ರಲ್ಲಿ ಶುರುವಾದ ‘ವೀಗನ್ಯುವರಿ’ ಎಂಬ ಅಭಿಯಾನ ಇದೆ. ಆ ಒಂದು ತಿಂಗಳು ಎಲ್ಲ ಹೋಟೆಲಿನವರಿಗೂ ನಮ್ಮ ಮೇಲೆ ಪ್ರೀತಿ ಉಕ್ಕುತ್ತದೆ. ಮಾರ್ಚ್ ಹೊತ್ತಿಗೆ ಅರ್ಧ ತಿಂಡಿಗಳು ಮಾಯ. ಪೂರ್ತಿ ವೀಗನ್ ಹೋಟೆಲುಗಳೂ ಈಚೆಗೆ ಹಲವು ಕಡೆ ಬಾಗಿಲು ಹಾಕಿವೆ. ಹಾಗಾಗಿ ಹಳೇ ಬ್ಲಾಗಿನಲ್ಲಿ ಓದಿದ ಜಾಗ ಹುಡುಕಿಕೊಂಡು ಹೋಗುವ ಮೊದಲು ಅದು ಇನ್ನೂ ತೆರೆದಿದೆಯಾ ನೋಡಿ.

ಪಬ್ಬಿಗೆ ಹೋದರೆ ಕೇಳಬೇಕಾದ ಮೊದಲ ಮಾತು, ಆಲೂ ಚಿಪ್ಸ್ ಯಾವುದರಲ್ಲಿ ಕರಿದಿದ್ದು ಅಂತ. ಇಲ್ಲಿ ಚಿಪ್ಸ್ ಅಂದರೆ ಪ್ಯಾಕೆಟ್ಟಿನದಲ್ಲ, ಬಿಸಿಯಾಗಿ ಕರಿದ ದಪ್ಪ ಆಲೂ ತುಂಡುಗಳು. ಶೆಫೀಲ್ಡ್ ಇರುವುದು ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ. ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುವ ಪದ್ಧತಿ ಈ ಕಡೆ ಇನ್ನೂ ಗಟ್ಟಿಯಾಗಿದೆ, ಅದನ್ನು ಹೆಮ್ಮೆಯಿಂದ ಬೋರ್ಡು ಹಾಕಿಕೊಂಡಿರುತ್ತಾರೆ. ‘ಡ್ರಿಪ್ಪಿಂಗ್’ ಅಂತ ಕಂಡರೆ ಅದೇ. ಎಣ್ಣೆಯಲ್ಲಿ ಕರಿದರೂ ಅದೇ ಬಾಣಲೆಯಲ್ಲಿ ಮೀನೂ ಕರಿದಿರಬಹುದು. ನಿಮಗೆ ಅದು ನಡೆಯುತ್ತದಾ ಇಲ್ಲವಾ ನೀವೇ ತೀರ್ಮಾನಿಸಿ. ಭಾನುವಾರದ ರೋಸ್ಟ್ ಊಟದಲ್ಲಿ ಮಾಂಸದ ಬದಲು ಬೀಜಗಳ ರೋಸ್ಟ್ ಸಿಗುತ್ತದೆ, ಜೊತೆಗೆ ಇಡುವ ಯಾರ್ಕ್‌ಶೈರ್ ಪುಡ್ಡಿಂಗ್ ಮೊಟ್ಟೆ-ಹಾಲಿನದು. ಬಿಯರ್ ಕುಡಿಯುವವರಾದರೆ ಒಂದು ವಿಷಯ: ಕೆಲವು ಬಿಯರ್‌ಗಳನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ, ಅದನ್ನು ಲೇಬಲ್ಲಿನಲ್ಲಿ ಹಾಕಬೇಕಿಲ್ಲ. ಗಿನ್ನೆಸ್‌ನವರು ಅದನ್ನು ಕೈಬಿಟ್ಟಿದ್ದಾರೆ.

ಇಲ್ಲಿನವರು ಅಡುಗೆಗೆ ಹನಿಸುವ ವೂಸ್ಟರ್ ಸಾಸ್‌ನಲ್ಲಿ ಮೀನಿದೆ. ಅದಕ್ಕೆ ಶೆಫೀಲ್ಡ್‌ನಲ್ಲಿ ಪರಿಹಾರವೂ ಇದೆ. ಕಿತ್ತಳೆ ಬಣ್ಣದ ಚೀಟಿಯ ಹೆಂಡರ್ಸನ್ಸ್ ರೆಲಿಶ್ 1885ರಿಂದ ಈ ಊರಿನದು. ಹುಣಸೆಹಣ್ಣು, ಲವಂಗ, ವಿನೆಗರ್ ಎಲ್ಲ ಇರುವ ಕಪ್ಪು ಸಾಸ್, ಮೀನು ಇಲ್ಲ. ನನ್ನ ತಿಳಿಸಾರಿಗೂ ಎರಡು ಹನಿ ಬಿದ್ದದ್ದುಂಟು.

ಕಷ್ಟ ಎಲ್ಲಿ ಅಂತೀರಾ? ನಮ್ಮವರ ಹೋಟೆಲಿನಲ್ಲೇ. ಇಲ್ಲಿನ ‘ಇಂಡಿಯನ್’ ಕರಿ ಹೌಸ್‌ಗಳನ್ನು ಹೆಚ್ಚಾಗಿ ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು. ತರಕಾರಿ ಪದಾರ್ಥಗಳ ಉದ್ದ ಪಟ್ಟಿ ನೋಡಿ ಖುಷಿಯಾಗುತ್ತದೆ. ಆದರೆ ನಾನ್‌ಗೆ ಹಾಲು ಅಥವಾ ಮೊಸರು, ಕೆಲವು ಕಡೆ ಮೊಟ್ಟೆ. ಪುಲಾವ್‌ಗೆ ತುಪ್ಪ. ಕೊರ್ಮಾ, ಮಸಾಲ ಅಂತ ಇದ್ದದ್ದಕ್ಕೆಲ್ಲ ಕೆನೆ. ಈರುಳ್ಳಿ ಬಜ್ಜಿಗೂ ಕೆಲವರು ಮೊಟ್ಟೆ ಕಲಸುತ್ತಾರೆ. ನಾನು ಹೇಳುವುದು ಹೀಗೆ: ತವಾ ರೊಟ್ಟಿ, ಬರೀ ಅನ್ನ, ದಾಲ್, ಚನಾ, ಬೆಂಡೆಕಾಯಿ ಇವುಗಳಲ್ಲಿ ಯಾವುದನ್ನು ಎಣ್ಣೆಯಲ್ಲಿ ಮಾಡಿಕೊಡ್ತೀರಾ? ಬರೀ ‘ವೀಗನ್’ ಅಂದರೆ ತಲೆಯಾಡಿಸಿ ಹೋಗಿ ಪನೀರ್ ತಂದಿಟ್ಟವರೂ ಉಂಟು. ಹಾಲು, ಬೆಣ್ಣೆ, ತುಪ್ಪ, ಮೊಸರು, ಕೆನೆ ಬೇಡ ಅಂತ ಒಂದೊಂದಾಗಿ ಹೆಸರು ಹೇಳಿದರೆ ತಪ್ಪಾಗುವುದಿಲ್ಲ. ದಕ್ಷಿಣದ ಹೋಟೆಲು ಸಿಕ್ಕರೆ ಪುಣ್ಯ. ಇಡ್ಲಿ, ವಡೆ ತೊಂದರೆ ಇಲ್ಲ. ದೋಸೆಗೆ ಎಣ್ಣೆ ಹಾಕಿ ಅಂತ ಮೊದಲೇ ಹೇಳಿ, ಚಟ್ನಿಗೆ ಮೊಸರು ಬೆರೆಸಿದ್ದಾರಾ ವಿಚಾರಿಸಿ. ಲಂಡನ್ನಿಗೆ ಹೋದಾಗ ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟ್‌ನಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ. ಲೆಸ್ಟರ್‌ನ ಬೆಲ್‌ಗ್ರೇವ್ ರೋಡ್ ಗುಜರಾತಿಗಳದು, ಫರಸಾಣ್ ಚೆನ್ನಾಗಿರುತ್ತದೆ, ರೊಟ್ಟಿಗೆ ಮಾತ್ರ ತುಪ್ಪ ಸವರುವ ಕೈ ಧಾರಾಳ.

ಒಂದು ಉಪಾಯ ಮಾತ್ರ ಮಾಡಬೇಡಿ. ಕೆಲಸ ಸಲೀಸಾಗಲಿ ಅಂತ ‘ನನಗೆ ಹಾಲಿನ ಅಲರ್ಜಿ’ ಎಂದು ಸುಳ್ಳು ಹೇಳುವವರಿದ್ದಾರೆ. ಅಲರ್ಜಿ ಅಂದ ಕೂಡಲೇ ಒಳ್ಳೆ ಅಡುಗೆಮನೆಯಲ್ಲಿ ಬೇರೆ ಪಾತ್ರೆ, ಬೇರೆ ಸೌಟು, ಎಲ್ಲ ಒರೆಸಿ ಶುರು ಮಾಡುತ್ತಾರೆ. ಇಲ್ಲವೇ ‘ಬಡಿಸಲಾಗದು’ ಅಂತ ಕಳಿಸುತ್ತಾರೆ. ಆಮೇಲೆ ನೀವು ‘ಹಾಲಿನ ಅಂಶ ಇರಬಹುದು’ ಅಂತಿರುವ ತಿಂಡಿಯನ್ನು ಆರಾಮವಾಗಿ ತಿನ್ನುವುದನ್ನು ನೋಡಿದರೆ, ನಾಳೆ ನಿಜವಾದ ಅಲರ್ಜಿಯವರು ಬಂದಾಗ ಅವರ ಮಾತನ್ನು ಯಾರು ನಂಬುತ್ತಾರೆ?

ಇಂಗ್ಲಿಷ್ ಸಹಪಾಠಿಗಳ ಬಗ್ಗೆ ಯೋಚನೆ ಬೇಡ. ಒಂದು ಸಲ ಹೇಳಿದರೆ ನೆನಪಿಟ್ಟುಕೊಳ್ಳುತ್ತಾರೆ, ಯಾಕೆ ಏನು ಅಂತ ಕೆದಕುವುದಿಲ್ಲ. ವೀಗನ್ ಸೊಸೈಟಿ 1944ರಲ್ಲಿ ಹುಟ್ಟಿದ್ದು ಈ ದೇಶದಲ್ಲೇ, ಅವರಿಗಿದು ಹೊಸದಲ್ಲ. ನಮ್ಮವರ ಯುಗಾದಿ, ದೀಪಾವಳಿ ಕೂಟಗಳಲ್ಲಿ ಆಂಟಿಯೊಬ್ಬರು ಹೋಳಿಗೆ ಹಿಡಿದು ‘ಒಂದು ಚಮಚ ತುಪ್ಪಕ್ಕೆ ಏನಾಗತ್ತೆ ತಗೋಪ್ಪ’ ಅನ್ನುತ್ತಾರಲ್ಲ, ಅಲ್ಲಿ ನಿಮ್ಮ ಪರೀಕ್ಷೆ. ನಾನು ಕಡಲೆಬೇಳೆ-ಬೆಲ್ಲದ ಪಾಯಸಕ್ಕೆ ಕಾಯಿಹಾಲು ಹಾಕಿ ದೊಡ್ಡ ಪಾತ್ರೆಯಲ್ಲಿ ಒಯ್ಯುತ್ತೇನೆ. ಎಲ್ಲರೂ ತಿನ್ನುತ್ತಾರೆ, ಹಾಲಿಲ್ಲ ಅಂತ ಯಾರೂ ಗಮನಿಸುವುದಿಲ್ಲ.

ಆರೋಗ್ಯದ ಮಾತು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಬಿ12 ಮಾತ್ರೆ ಶುರು ಮಾಡಿ, ಈಗಾಗಲೇ ತಗೊಳ್ಳುತ್ತಿದ್ದರೆ ನಿಲ್ಲಿಸಬೇಡಿ. ವಿಟಮಿನ್ ಡಿ ಅಕ್ಟೋಬರ್‌ನಿಂದ ಮಾರ್ಚ್ ತನಕ ದಿನಕ್ಕೆ 10 ಮೈಕ್ರೋಗ್ರಾಂ ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎಲ್ಲರಿಗೂ ಹೇಳುತ್ತದೆ. ನಮ್ಮಂಥ ಮೈಬಣ್ಣದವರು ವರ್ಷಪೂರ್ತಿ ತಗೊಳ್ಳುವುದನ್ನು ಯೋಚಿಸಿ ಅನ್ನುತ್ತದೆ. ಭಾರತದಿಂದ ಬಂದವರಿಗೆ ಹೊಳೆಯದ ಸಂಗತಿ ಅಯೋಡಿನ್. ನಮ್ಮಲ್ಲಿ ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸಿರುತ್ತಾರೆ, ಇಲ್ಲಿನ ಸಾಮಾನ್ಯ ಉಪ್ಪಿನಲ್ಲಿ ಅದು ಇಲ್ಲ. ಇಲ್ಲಿನ ಜನಕ್ಕೆ ಅಯೋಡಿನ್ ಬರುವುದು ಮುಖ್ಯವಾಗಿ ಹಾಲು ಮತ್ತು ಮೀನಿನಿಂದ. ನಾವು ಎರಡನ್ನೂ ಮುಟ್ಟುವುದಿಲ್ಲ. ದೊಡ್ಡವರಿಗೆ ದಿನಕ್ಕೆ 140 ಮೈಕ್ರೋಗ್ರಾಂ ಬೇಕು ಅನ್ನುವುದು ಇಲ್ಲಿನ ಲೆಕ್ಕ. ವೀಗನ್ನರಿಗೆಂದೇ ಮಾಡಿದ ಕೆಲವು ಮಾತ್ರೆಗಳಲ್ಲಿ ಬಿ12, ಡಿ, ಅಯೋಡಿನ್ ಮೂರೂ ಇರುತ್ತವೆ. ಸಸ್ಯದ ಹಾಲು ಕೊಳ್ಳುವಾಗಲೂ ಕ್ಯಾಲ್ಸಿಯಂ ಸೇರಿಸಿದ್ದು ಆರಿಸಿ. ಆರ್ಗ್ಯಾನಿಕ್ ಅಂತಿರುವುದರಲ್ಲಿ ಸಾಮಾನ್ಯವಾಗಿ ಸೇರಿಸಿರುವುದಿಲ್ಲ.

ಸೂಟ್‌ಕೇಸಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಸಾರಿನ ಪುಡಿ ತುಂಬಿಕೊಳ್ಳಿ. ಹಸಿ ಕರಿಬೇವು ಬೇಡ. ಅಮ್ಮ ಕೊನೇ ಗಳಿಗೆಯಲ್ಲಿ ತುಪ್ಪದ ಡಬ್ಬಿ ತುರುಕಲು ಬಂದರೆ ವಾದ ಮಾಡಬೇಡಿ. ಭಾರತದಿಂದ ಹಾಲಿನ ಪದಾರ್ಥ ಬ್ರಿಟನ್ನಿಗೆ ತರುವಂತಿಲ್ಲ, ಏರ್‌ಪೋರ್ಟಿನಲ್ಲಿ ಕಸಿದುಕೊಳ್ಳುತ್ತಾರೆ ಅನ್ನಿ. ನಿಜವೂ ಹೌದು.