ಬಿಸಿ ತಾಮ್ರ ಗಟ್ಟಿಯಾಗೋದು ಹೇಗೆ?

"ಕಾಯಿಸಿದರೆ ಲೋಹ ಮೆತ್ತಗಾಗುತ್ತೆ ಅಂತ ಓದಿದ್ದೆ. ವಿಪರೀತ ವೇಗದ ಏಟು ಬಿದ್ದಾಗ ಬಿಸಿ ತಾಮ್ರವೇ ಜಾಸ್ತಿ ಗಟ್ಟಿ ಅಂತಾರಲ್ಲ, ನಿಜವಾ?" ಎಂದು ಕೇಳಿದ್ದೀರಿ. ನಿಜ. ಆದರೆ ಎಷ್ಟು ವೇಗ ಅನ್ನೋದರಲ್ಲೇ ಗುಟ್ಟೆಲ್ಲ ಇದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಚಿಕ್ಕವನಿದ್ದಾಗ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದುಕೊಂಡು ಕುಲುಮೆಗೆ ಹೋಗುತ್ತಿದ್ದೆ. ಕಾದ ಕಬ್ಬಿಣ ಅಡಿಗಲ್ಲಿನ ಮೇಲೆ ಬಂತೆಂದರೆ ಆಚಾರಿಯ ಮಾತು ಬಂದ್. ಕೆಂಪಿದ್ದಾಗ ಏಟು 'ದಪ್' ಅನ್ನುತ್ತಿತ್ತು, ಕಪ್ಪಾದ ಮೇಲೆ 'ಠಣ್'. ಆ ಸುತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರುತ್ತೆ, ಕಬ್ಬಿಣ 2 ಸೆಂ.ಮೀ. ದಪ್ಪ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ ಸೆಕೆಂಡಿಗೆ 250. ಇದೇ ಸ್ಟ್ರೇನ್ ರೇಟ್, ಅಂದರೆ ಲೋಹದ ಆಕಾರ ಎಷ್ಟು ಬೇಗ ಬದಲಾಗುತ್ತೆ ಅನ್ನೋದರ ಅಳತೆ. ಕಾಲೇಜು ಲ್ಯಾಬಿನಲ್ಲಿ ಸರಳು ಎಳೆದು ತುಂಡು ಮಾಡುವಾಗ ಇದು 0.001ರ ಆಸುಪಾಸು ಇರುತ್ತೆ, ಅಷ್ಟು ನಿಧಾನ.

ಈ ಸಂಖ್ಯೆ ಏರಿದಷ್ಟೂ ಲೋಹ ಬಗ್ಗೋಕೆ ಹಠ ಮಾಡುತ್ತೆ. ಮೈಲ್ಡ್ ಸ್ಟೀಲಿನ ಬಲ ಸ್ಟ್ರೇನ್ ರೇಟ್ 40 ಆಗುವ ಹೊತ್ತಿಗೇ ಸುಮಾರು ಎರಡು ಪಟ್ಟು ಆಗುತ್ತೆ. ಅಲ್ಯೂಮಿನಿಯಂ ಅಷ್ಟೇನೂ ಏರಲ್ಲ. ಇಲ್ಲೆಲ್ಲ ಕುಲುಮೆಯ ನಿಯಮವೇ ನಡೆಯುತ್ತೆ, ಬಿಸಿಯಾದರೆ ಮೆತ್ತಗೆ.

ಸ್ಟ್ರೇನ್ ರೇಟ್ 10 ಲಕ್ಷ ದಾಟಿದರೆ ಆಟ ತಿರುಗುತ್ತೆ. ಆಚಾರಿಯ 2 ಸೆಂ.ಮೀ. ತುಂಡಿಗೆ ಅದು ಬೇಕಾದರೆ ಸುತ್ತಿಗೆ ಸೆಕೆಂಡಿಗೆ 20 ಕಿಲೋಮೀಟರ್ ಓಡಬೇಕು! ಅದಕ್ಕೇ ಸಂಶೋಧಕರಾದ ಇಯಾನ್ ಡೌಡಿಂಗ್, ಕ್ರಿಸ್ಟೋಫರ್ ಶೂ ಇಬ್ಬರೂ ಕೂದಲಿಗಿಂತ ಸಣ್ಣ ಅಲ್ಯೂಮಿನಾ ಕಣಗಳನ್ನು ಲೇಸರ್‌ನಿಂದ ಸಿಡಿಸಿ ತಾಮ್ರ, ಚಿನ್ನ, ಟೈಟಾನಿಯಂ ಮೇಲೆ ಹೊಡೆದರು. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಲೋಹ ಬಿಸಿಯಾದಷ್ಟೂ ಗುಳಿ ಚಿಕ್ಕದು, ಕಣ ಪುಟಿಯೋದು ಜೋರು.

ಯಾಕೆ ಅಂದರೆ, ಲೋಹ ಬಗ್ಗೋದು ಅದರ ಪರಮಾಣುಗಳ ಜೋಡಣೆಯಲ್ಲಿನ ಡಿಸ್‌ಲೊಕೇಶನ್ ಎಂಬ ದೋಷಗಳು ಸರಿಯುವುದರಿಂದ. ಮಾರಿಕಾಂಬಾ ಜಾತ್ರೆಯ ಗದ್ದಲ ನೆನೆಸಿಕೊಳ್ಳಿ. ನೀವು ನಿಧಾನಕ್ಕೆ ಹೋಗ್ತಾ ಬಿದಿರಿನ ತಡೆಗೆ ಸಿಕ್ಕಿಬಿದ್ದಿದ್ದೀರಿ. ಸುತ್ತಲಿನವರ ನೂಕುನುಗ್ಗಲೇ ನಿಮ್ಮನ್ನು ಅದರಾಚೆ ದಾಟಿಸಿಬಿಡುತ್ತೆ. ಶಾಖ ಮಾಡೋದು ಇದನ್ನೇ, ಪರಮಾಣುಗಳನ್ನು ಅಲುಗಾಡಿಸಿ ದೋಷಕ್ಕೆ ತಡೆ ದಾಟಿಸುತ್ತೆ. ಈಗ ಅದೇ ಜನರ ಮಧ್ಯೆ ಜೀವ ಬಿಟ್ಟು ಓಡಿ ನೋಡಿ. ತಡೆಯನ್ನು ಹಾರಿಯೇ ಹಾರುತ್ತೀರಿ, ಆದರೆ ಅಲುಗಾಡುವ ಪ್ರತಿ ಮೈಯೂ ನಿಮಗೆ ಬಡಿಯುತ್ತೆ. ಗದ್ದಲ ಹೆಚ್ಚಿದಷ್ಟೂ ಓಟ ಕಷ್ಟ. ಇದಕ್ಕೆ ಫೋನಾನ್ ಡ್ರ್ಯಾಗ್ ಅಂತಾರೆ, ಅಂದರೆ ಪರಮಾಣುಗಳ ಅಲುಗಾಟವೇ ಓಡುವ ದೋಷವನ್ನು ಹಿಂದಕ್ಕೆಳೆಯೋದು.

ಒಂದು ಮಾತು, ಇದನ್ನು ಗುಂಡಿನ ಏಟಿಗೆ ಸುಮ್ನೆ ಅನ್ವಯಿಸಬೇಡಿ. ಗುಂಡು ತಗಡಿಗೆ ಬಡಿದಾಗ ಸ್ಟ್ರೇನ್ ರೇಟ್ ಸಾಮಾನ್ಯವಾಗಿ ಅಷ್ಟು ಮೇಲೇರಲ್ಲ. ಮೇಲಾಗಿ ಬಗ್ಗಿಸುವ ಶಕ್ತಿಯ ಬಹುಪಾಲು ಶಾಖವಾಗಿ ಅಲ್ಲೇ ಉಳಿಯುತ್ತೆ, ಹರಡೋಕೆ ಪುರುಸೊತ್ತೇ ಇರಲ್ಲ. ಒಂದು ಸಣ್ಣ ಪಟ್ಟಿಯಷ್ಟು ಲೋಹ ಕಾದು ಮೆತ್ತಗಾಗಿ, ತಗಡು ಅಲ್ಲೇ ಕತ್ತರಿಸಿ ಹೋಗಬಹುದು.